ಉಡುವವರು ಒಬ್ಬರು, ನೋಡುವವರು ನೂರು

ಇತ್ತೀಚೆಗೆ ಭಟ್ಕಳದ ನಮ್ಮ ಬಂಧುಗಳ ಮನೆಯಿಂದ ಮದುವೆಯ ಕಾಗದವೊಂದು ಬಂತು. ಹುಡುಗ ದುಬೈಯಲ್ಲಿ ಕೆಲಸಕ್ಕಿರುವವನು. ಕಾಗದದ ಒಂದು ಮಗ್ಗುಲಲ್ಲಿ ಉರ್ದು, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್. ಉರ್ದುವಿನಲ್ಲಿ ನಿಕಾಹ್‌ನ ಸಮಯ, ವಲೀಮಾದ ಸ್ಥಳ, ಹಿರಿಯರ ಹೆಸರುಗಳು, ಬಂದು ವಧೂವರರಿಗೆ ದುಆ ಮಾಡಬೇಕೆಂಬ ವಿನಂತಿ ಇದ್ದವು. ಇಂಗ್ಲಿಷಿನಲ್ಲಿಯೂ ಅದೇ ಇತ್ತು. ಆದರೆ ಕೊನೆಯಲ್ಲಿ, ಉರ್ದುವಿನಲ್ಲಿಲ್ಲದ ಎರಡು ಪದಗಳ ಒಂದು ಸಾಲು ಸಣ್ಣ ಅಕ್ಷರದಲ್ಲಿ ಸೇರಿಕೊಂಡಿತ್ತು: ‘ಫಾರ್ಮಲ್ ಅಟೈರ್.’

ಅದೇ ಕಾಗದ ಕುಮಟೆಯಲ್ಲಿರುವ ನಮ್ಮ ಹೈಸ್ಕೂಲಿನ ಕನ್ನಡ ಮಾಸ್ತರಿಗೂ ಹೋಗಿತ್ತು. ನಿವೃತ್ತರಾಗಿ ವರ್ಷಗಳಾಗಿವೆ. ಹುಡುಗನ ತಂದೆಯೂ ನಾವೂ ಅವರ ಕೈಯಲ್ಲಿ ಕನ್ನಡ ಕಲಿತವರು. ಮರುದಿನವೇ ಅವರ ಫೋನು ಬಂತು.

“ತಮ್ಮಾ, ಈ ಅಟೈರು ಅಂದ್ರೆ ಎಂತದೋ? ನನ್ನ ಹತ್ರ ಇರೂದು ಎರಡು ಪಂಚೆ, ನಾಲ್ಕು ಜುಬ್ಬ. ನಾನು ಬರೂದೋ, ಬೇಡ್ವೋ?”

“ಮಾಸ್ತರೇ, ನೀವು ಹೇಗೆ ಬಂದರೂ ಮದುವೆಗೆ ಕಳೆ. ಬರಲೇಬೇಕು” ಎಂದೆವು. ಆದರೆ ಫೋನಿಟ್ಟ ಮೇಲೆ ನಮಗೇ ಒಂದು ಮುಜುಗರ ಹತ್ತಿಕೊಂಡಿತು. ಬನ್ನಿ ಎಂದು ಕರೆದ ಕಾಗದವೇ ಒಬ್ಬ ಹಿರಿಯರಿಗೆ ‘ಬರೂದೋ, ಬೇಡ್ವೋ’ ಎಂಬ ಅನುಮಾನ ಹುಟ್ಟಿಸಿತ್ತಲ್ಲ.

ಆ ವಾರ ಹೊನ್ನಾವರದ ಬಜಾರಿನಲ್ಲಿ ನಮ್ಮ ಪರಿಚಯದ ದರ್ಜಿಯಲ್ಲಿಗೆ ಷೇರ್ವಾನಿಯ ಅಳತೆ ಕೊಡಲು ಹೋದಾಗ ಈ ಸಂಗತಿ ಹೇಳಿದೆವು. ವಯಸ್ಸಾದ ದರ್ಜಿ ಕನ್ನಡಕದ ಮೇಲಿಂದ ನೋಡಿ, “ಅಟೈರೋ? ಟೈರಿನ ಅಂಗಡಿ ಹೈವೇ ಮೇಲಿದೆ ಸಾಹೇಬ್ರೆ, ಅಲ್ಲಿ ವಿಚಾರಿಸಿ” ಎಂದು ನಕ್ಕರು. ನಾವೂ ನಕ್ಕೆವು. ಮನೆಗೆ ಬಂದು ನಿಘಂಟು ತೆರೆದಾಗ ನಗು ನಿಂತಿತು. ದರ್ಜಿ ತಮಾಷೆಗೆ ಹೇಳಿದ್ದು ಬಹುಮಟ್ಟಿಗೆ ನಿಜವಾಗಿತ್ತು.

‘ಅಟೈರ್’ ಎಂಬುದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ಅದರ ಮೂಲದಲ್ಲಿ ಬಟ್ಟೆಯೇ ಇಲ್ಲ. ಸಾಲಾಗಿ ಇಡು, ಕ್ರಮಪಡಿಸು, ಸಜ್ಜುಗೊಳಿಸು ಎಂಬುದಷ್ಟೇ ಅರ್ಥ. ಮೊದಲ ಅಕ್ಷರ ಸವೆದು ‘ಟೈರ್’ ಎಂದೂ ಆಯಿತು. ಗಾಡಿಯ ಚಕ್ರಕ್ಕೆ ತೊಡಿಸಿದ ಕಬ್ಬಿಣದ ಪಟ್ಟಿಗೆ ಆ ಹೆಸರು ಬಂದದ್ದು ಬಹುಶಃ ಚಕ್ರದ ಉಡುಪು ಎಂಬ ಭಾವದಿಂದಲೇ ಎನ್ನುತ್ತಾರೆ ನಿಘಂಟುಕಾರರು. ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿತು. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಹೆಂಗಸರ ತಲೆಯುಡುಗೆ ಎಂಬ ಅರ್ಥವೂ ಇತ್ತು. ತಲೆಗೆ ಕಟ್ಟುವುದನ್ನು, ತೊಡುವುದನ್ನು ‘ಟೈರ್’ ಎನ್ನುತ್ತಿದ್ದರು. ಇಂದು ಕಚೇರಿ, ನ್ಯಾಯಾಲಯ, ಆಮಂತ್ರಣ ಪತ್ರಿಕೆಗಳಲ್ಲಿ ಗಂಭೀರವಾಗಿ ಕುಳಿತಿರುವ ಪದವೊಂದು ಒಂದು ಕಾಲಕ್ಕೆ ಹೆಣ್ಣುಮಗಳ ತಲೆಯ ಮೇಲಿನ ಬಟ್ಟೆಯಾಗಿತ್ತು.

ಇನ್ನು ಬಳಕೆಯನ್ನು ನೋಡಿ. ಇಂಗ್ಲಿಷಿನಲ್ಲಿ ಅಂಗಿಯನ್ನು ಎಣಿಸಬಹುದು, ಸೀರೆಯನ್ನು ಎಣಿಸಬಹುದು. ಒಂದು ಅಟೈರ್, ಎರಡು ಅಟೈರ್ ಎಂದು ಎಣಿಸುವ ವಾಡಿಕೆಯಿಲ್ಲ. ಅದನ್ನು ಯಾರೂ ಒಗೆಯುವುದಿಲ್ಲ, ಹಗ್ಗಕ್ಕೆ ಹರವುವುದಿಲ್ಲ, ಹರಿದರೆ ಹೊಲಿಯುವುದಿಲ್ಲ. ಮಳೆಯಲ್ಲಿ ನೆನೆದು ಬಂದ ಮಗುವಿಗೆ ತಾಯಿ “ಬಟ್ಟೆಯೆಲ್ಲ ಒದ್ದೆಯಾಯ್ತಲ್ಲ” ಎನ್ನುತ್ತಾಳೆಯೇ ಹೊರತು “ಉಡುಪು ಒದ್ದೆಯಾಯಿತು” ಎನ್ನುವುದಿಲ್ಲ. ಬಟ್ಟೆ ಮೈಗೆ ಸೇರಿದ್ದು. ಅದೇ ಬಟ್ಟೆ ಇನ್ನೊಬ್ಬರ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಉಡುಪಾಗುತ್ತದೆ, ಅಟೈರ್ ಆಗುತ್ತದೆ. ಬಟ್ಟೆಗೆ ದೊಡ್ಡ ಹೆಸರು ಬಂತೆಂದರೆ ಯಾರೋ ನೋಡುತ್ತಿದ್ದಾರೆ ಎಂದೇ ಅರ್ಥ.

ಉಡುವವರದು ಮೈ, ನೋಡುವವರದು ಕಣ್ಣು. ಹಾಗಿದ್ದರೆ ಆ ಬಟ್ಟೆಯ ಅರ್ಥವನ್ನು ತೀರ್ಮಾನಿಸುವ ಹಕ್ಕು ಯಾರದು? ನಮ್ಮನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಇದು.

* * *

ನಾವು ಬೆಳಿಗ್ಗೆ ಉರ್ದು, ಹಗಲಿಗೆ ಕನ್ನಡ ಕಲಿತು ಬೆಳೆದವರು. ಒಂದು ಭಾಷೆಯಲ್ಲಿ ಸಿಗದ ಉತ್ತರವನ್ನು ಇನ್ನೊಂದರಲ್ಲಿ ಹುಡುಕುವ ಚಾಳಿ ಅಂದಿನಿಂದಲೂ ಇದೆ.

ಇಂಗ್ಲಿಷಿನಲ್ಲಿ ಟೊಪ್ಪಿಗೆಯಿಂದ ಬೂಟಿನವರೆಗೆ ಎಲ್ಲಕ್ಕೂ ಒಂದೇ ಕ್ರಿಯಾಪದ ಸಾಕಾಗುತ್ತದೆ. ಕನ್ನಡಕ್ಕೆ ಅಷ್ಟರಲ್ಲಿ ಸಮಾಧಾನವಿಲ್ಲ. ಸೀರೆ, ಪಂಚೆಯನ್ನು ಉಡುತ್ತೇವೆ. ಅಂಗಿ, ಬಳೆಯನ್ನು ತೊಡುತ್ತೇವೆ. ಶಾಲನ್ನು ಹೊದೆಯುತ್ತೇವೆ, ಮುಂಡಾಸನ್ನು ಸುತ್ತುತ್ತೇವೆ, ಹೂವನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಪ್ರತಿಯೊಂದು ಕ್ರಿಯಾಪದದಲ್ಲಿಯೂ ಉಡುವವರ ಕೈಯಿದೆ, ಮೈಯಿದೆ. ನೋಡುವವರ ಕಣ್ಣು ಇಲ್ಲ. ಕಣ್ಣು ಬಂದ ಕೂಡಲೇ ಕನ್ನಡ ಬೇರೆ ಪದವನ್ನು ತರುತ್ತದೆ: ವೇಷ. ವೇಷವೆಂದರೆ ಅಲಂಕಾರವೂ ಹೌದು, ಮರೆಮಾಚುವಿಕೆಯೂ ಹೌದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಸೀಮೆ ನಮ್ಮ ಹೊನ್ನಾವರ. ಗಂಡಸರು ಸೀರೆಯುಟ್ಟು ಸ್ತ್ರೀವೇಷದಲ್ಲಿ ರಂಗಕ್ಕೆ ಬಂದಾಗ ಇಲ್ಲಿಯ ಜನ ಬೆಳಗಿನವರೆಗೂ ಕಣ್ಣರಳಿಸಿ ನೋಡಿದ್ದಾರೆ. ಅದು ವೇಷವೆಂದು ಇಬ್ಬರಿಗೂ ಗೊತ್ತು. ಆಟ ಮುಗಿದ ಮೇಲೆ ಬಣ್ಣ ಒರೆಸಿ ಇಬ್ಬರೂ ಮನೆಗೆ ಹೋಗುತ್ತಾರೆ. ತೊಂದರೆ ಬರುವುದು ಒಬ್ಬರ ನಿತ್ಯದ ಬಟ್ಟೆಯನ್ನು ಇನ್ನೊಬ್ಬರು ವೇಷವೆಂದು ತಿಳಿದಾಗ.

ಉರ್ದುವಿನ ‘ಲಿಬಾಸ್’ ಅರಬ್ಬಿಯಿಂದ ಬಂದದ್ದು. ಅದರ ಧಾತುವಿನಲ್ಲಿ ಉಡುವುದು ಎಂಬ ಅರ್ಥವೂ ಇದೆ, ಗೊಂದಲವಾಗುವುದು, ಒಂದರೊಳಗೊಂದು ಬೆರೆಯುವುದು ಎಂಬ ಅರ್ಥವೂ ಇದೆ. ಉರ್ದುವಿನಲ್ಲಿ ‘ಇಲ್ತಿಬಾಸ್’ ಎಂದರೆ ಸಂದಿಗ್ಧತೆ. ಕುರ್‌ಆನ್ ಗಂಡ ಹೆಂಡತಿಯರನ್ನು ಪರಸ್ಪರರ ಲಿಬಾಸ್ ಎಂದು ಕರೆಯುತ್ತದೆ. ಮೈ ಮುಚ್ಚುವ, ಶೋಭೆ ಕೊಡುವ ಉಡುಪಿಗಿಂತ ದೇವಭಯದ ಉಡುಪು ಮೇಲೆನ್ನುತ್ತದೆ. ಸತ್ಯವನ್ನು ಮಿಥ್ಯದೊಂದಿಗೆ ಬೆರೆಸಬೇಡಿ ಎಂದು ಎಚ್ಚರಿಸುವಲ್ಲಿಯೂ ಅದೇ ಮೂರು ಅಕ್ಷರಗಳ ಧಾತುವೇ ಬರುತ್ತದೆ. ಉಡುಪು ಮಾನವನ್ನೂ ಕಾಯಬಲ್ಲದು, ಸತ್ಯವನ್ನೂ ಮುಚ್ಚಬಲ್ಲದು ಎಂಬ ಎಚ್ಚರ ಆ ಭಾಷೆಯ ಬೇರಿನಲ್ಲಿಯೇ ಇರುವಂತೆ ನಮಗೆ ತೋರುತ್ತದೆ.

ಇವೆರಡು ಭಾಷೆಗಳೂ ಒಂದು ಗಾದೆಯಲ್ಲಿ ಕೈಕುಲುಕುತ್ತವೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತದೆ ಕನ್ನಡ. ‘ಖಾಯೆ ಮನ್ ಭಾತಾ, ಪೆಹನಿಯೆ ಜಗ್ ಭಾತಾ’ ಎನ್ನುತ್ತದೆ ಉರ್ದು. ಮನಸ್ಸಿಗೆ ಹಿಡಿಸಿದ್ದನ್ನು ತಿನ್ನು, ಜಗತ್ತಿಗೆ ಹಿಡಿಸಿದ್ದನ್ನು ತೊಡು ಎಂದರ್ಥ. ಚಿಕ್ಕಂದಿನಲ್ಲಿ ಎರಡೂ ಕಡೆ ಇದನ್ನು ಕೇಳಿ ತಲೆದೂಗಿದ್ದೇವೆ. ಆ ‘ಜಗತ್ತು’ ಎಂದರೆ ಯಾರು ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ.

* * *

2021ರ ನವೆಂಬರ್ 8ರಂದು ದೆಹಲಿಯ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಬರಿಗಾಲಲ್ಲಿ ನಡೆದು ಹೋದರು. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿದು ಗಿಡಮರಗಳ ನಾಡಿ ಬಲ್ಲ ಆ ಹಾಲಕ್ಕಿ ಅಜ್ಜಿಗೆ 2020ರ ಸಾಲಿನ ಪದ್ಮಶ್ರೀಯನ್ನು ಅಂದು ಪ್ರದಾನ ಮಾಡಲಾಯಿತು. ಮೈಮೇಲೆ ರವಿಕೆಯಿರಲಿಲ್ಲ. ಹಾಲಕ್ಕಿ ಹೆಂಗಸರು ತಲೆತಲಾಂತರದಿಂದ ಉಡುವ ರೀತಿಯ ಸೀರೆ, ಕೊರಳ ತುಂಬ ಮಣಿಸರಗಳು. ದೇಶವೆಲ್ಲ ಆ ಚಿತ್ರವನ್ನು ನೋಡಿ ಕೈಮುಗಿಯಿತು. ಇಂಗ್ಲಿಷ್ ಪತ್ರಿಕೆಗಳು ‘ಟ್ರೆಡಿಷನಲ್ ಅಟೈರ್’ ಎಂದು ಬರೆದವು. ನಮ್ಮ ಜಿಲ್ಲೆಯವರಾದ ನಮಗೆ ಅಂದು ಎದೆಯುಬ್ಬಿತ್ತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡಾಗ ಮನೆಯ ಹಿರಿಯರೊಬ್ಬರು ಹೋದಂತೆ ಅನ್ನಿಸಿತು.

ಮಾಸ್ತರು ಮಾತ್ರ ಆ ಚಿತ್ರವನ್ನು ನೋಡಿ ಬೇರೆಯೇ ಮಾತು ಹೇಳಿದ್ದರು. “ನಮ್ಮ ಕಾಲ್ದಲ್ಲಿ ಇದೇ ಸೀರೆ ಉಟ್ಟು ಹಾಲಕ್ಕಿ ಹೆಂಗಸ್ರು ಕುಮಟೆ ಪೇಟೆಗೆ ತರಕಾರಿ ತಂದ್ರೆ ಪೇಟೆ ಹುಡುಗ್ರು ನಗೂರು. ಸೀರೆ ಬದಲಾಗ್ಲಿಲ್ಲ ತಮ್ಮಾ, ನೋಡೂ ಕಣ್ಣು ಬದಲಾಯ್ತು.”

ಕಣ್ಣು ಬದಲಾದದ್ದು ಒಳ್ಳೆಯದೇ. ಆದರೆ ಎಲ್ಲರ ವಿಷಯದಲ್ಲಿ ಬದಲಾಯಿತೆ? ತುಳಸಿಯಜ್ಜಿ ಆ ಹಾಸಿನ ಮೇಲೆ ನಡೆದು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರು ಹುಡುಗಿಯರ ತಲೆವಸ್ತ್ರದಿಂದ ಆರಂಭವಾದ ವಿವಾದ ಕರಾವಳಿಗೆಲ್ಲ ಹಬ್ಬಿತು. ಭಟ್ಕಳದಿಂದ ಹೆಚ್ಚು ದೂರವಿಲ್ಲದ ಕುಂದಾಪುರದಲ್ಲಿ ಕಾಲೇಜಿನ ಗೇಟು ಹುಡುಗಿಯರ ಮುಖದೆದುರೇ ಮುಚ್ಚಿದ್ದನ್ನು ನಾಡೆಲ್ಲ ನೋಡಿತು. ಹಟಕ್ಕೆ ಕೇಸರಿ ಶಾಲುಗಳು ಬಂದವು. 2022ರ ಫೆಬ್ರವರಿ 5ರಂದು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ ರಾಜ್ಯ ಸರಕಾರದ ಆದೇಶ ಹೊರಬಿತ್ತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ಎತ್ತಿಹಿಡಿಯಿತು. ತಲೆವಸ್ತ್ರ ಧರ್ಮದ ಅನಿವಾರ್ಯ ಆಚರಣೆಯಲ್ಲ, ಹೆಚ್ಚೆಂದರೆ ಸಂಸ್ಕೃತಿಗೆ ಸಂಬಂಧಿಸಿದ್ದಿರಬಹುದು ಎಂಬುದು ಪೀಠದ ನಿಲುವು. ಆ ಬಟ್ಟೆಯನ್ನು ಹೆಸರಿಸಲು ತೀರ್ಪು ‘ಅಪ್ಯಾರಲ್’ ಎಂಬ ಪದವನ್ನೂ ಬಳಸಿತು. ಅದು ‘ಅಟೈರ್’ನ ಅಕ್ಕನೋ ತಂಗಿಯೋ ಎನ್ನಬಹುದಾದ ಪದ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬಂತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಒಪ್ಪಲಿಲ್ಲ. ಇದು ಕೊನೆಗೂ ಆಯ್ಕೆಯ ಪ್ರಶ್ನೆ, ತಮ್ಮ ಮನಸ್ಸಿನಲ್ಲಿ ಮುಂದಿದ್ದದ್ದು ಹೆಣ್ಣುಮಕ್ಕಳ ಓದು ಎಂದರು.

ಒಂದೇ ಕರಾವಳಿ, ಒಂದೇ ಚಳಿಗಾಲ. ಇಬ್ಬರೂ ತಮ್ಮ ಅಜ್ಜಿಯರಿಂದ ಬಂದದ್ದನ್ನು ಉಟ್ಟವರು. ಒಬ್ಬರ ಬಟ್ಟೆ ಸಂಸ್ಕೃತಿಯಾದ ಕಾರಣ ಅರಮನೆಯ ಬಾಗಿಲು ತೆರೆಯಿತು. ಇನ್ನೊಬ್ಬರ ಬಟ್ಟೆ ಹೆಚ್ಚೆಂದರೆ ಸಂಸ್ಕೃತಿಯಾದ ಕಾರಣ ಶಾಲೆಯ ಬಾಗಿಲು ಮುಚ್ಚಿತು. ಪ್ರಶಸ್ತಿಯ ಸಭೆ ಬೇರೆ, ತರಗತಿಯ ಶಿಸ್ತು ಬೇರೆ ಎಂದು ಓದುಗರು ಹೇಳಬಹುದು. ಒಪ್ಪುತ್ತೇವೆ. ಆದರೆ ಶಿಷ್ಟಾಚಾರಕ್ಕೆ ಹೆಸರಾದ ರಾಷ್ಟ್ರಪತಿ ಭವನವೇ ಒಬ್ಬ ಅಜ್ಜಿಯ ಬರಿಗಾಲಿಗೆ ಜಾಗ ಮಾಡಿಕೊಟ್ಟಿತಲ್ಲ. ಸಮವಸ್ತ್ರದ್ದೇ ಬಣ್ಣದ ದುಪಟ್ಟಾ ತಲೆಗೆ ಹಾಕಿಕೊಳ್ಳುತ್ತೇವೆ ಎಂದ ಹುಡುಗಿಗೆ ಒಂದು ಬೆಂಚಿನ ಮೇಲೆ ಜಾಗವಾಗದೆ ಹೋಯಿತೆ?

* * *

ಇಷ್ಟು ಬರೆದು ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದಂತೆ. ಉಳಿದರ್ಧ ನಮ್ಮ ಮನೆಯೊಳಗೇ ಇದೆ.

ನಮ್ಮ ತಂಗಿಯ ಮಗಳು ಆ ವರ್ಷ ಎರಡನೆಯ ಪಿಯುಸಿ. ಜಿಲ್ಲೆಯ ಒಂದು ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹೋದವಳು ಹತ್ತು ಗಂಟೆಗೇ ಮರಳಿ ಬಂದಳು. ಬ್ಯಾಗನ್ನು ಮೂಲೆಗಿಟ್ಟು, ತಲೆಯ ಬಟ್ಟೆಯನ್ನು ತೆಗೆದು ಮಡಚಿ, ಅದರ ಮೇಲಿಟ್ಟಳು. ಪರೀಕ್ಷೆಗೆ ಕೂರಲಿಲ್ಲ. ಒಂದು ವರ್ಷ ಹೋಯಿತು. ಆ ದಿನಗಳಲ್ಲಿ ಮನೆಗೆ ಬಂದವರೆಲ್ಲ ಅವಳ ಬೆನ್ನು ತಟ್ಟುವವರೇ. ನಾವೂ ಹಕ್ಕು, ಆಯ್ಕೆ, ಸಂವಿಧಾನ ಎಂದು ದೊಡ್ಡದಾಗಿ ಮಾತಾಡಿದೆವು. 2014ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉಡುಪಿನ ಆಯ್ಕೆಯನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಹೇಳಿದ್ದನ್ನೂ ಅವಳಿಗೆ ವಿವರಿಸಿದೆವು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ತಲೆಯೆತ್ತದೆ ಹೇಳಿದಳು:

“ಮಾಮೂ, ಏಳನೇ ಕ್ಲಾಸಿನಲ್ಲಿ ನೀವೆಲ್ಲ ಸೇರಿ ಇದನ್ನು ಹಾಕು ಅಂದಾಗ ನನ್ನನ್ನು ಯಾರೂ ಕೇಳಲಿಲ್ಲ. ಈಗ ತೆಗೆ ಅನ್ನುವವರೂ ಕೇಳಲಿಲ್ಲ. ಇದು ಈಗ ನನ್ನದಾಗಿದೆ, ನಾನು ತೆಗೆಯೋದಿಲ್ಲ. ಆದರೆ ಆಯ್ಕೆ ಅನ್ನೋ ಮಾತನ್ನು ನೀವು ಹೇಳಬೇಡಿ.”

ನಮಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ನಿಜ. ಅಂದು ನಾವು ‘ನೆರೆಕೆರೆಯವರು ಏನೆಂದಾರು’ ಎಂದಿದ್ದೆವು. ಅವಳ ಅಕ್ಕ ಒಮ್ಮೆ ಮದುವೆ ಮನೆಗೆ ಬುರ್ಖಾ ಇಲ್ಲದೆ ಹೊರಟಾಗ ಬಾಗಿಲಲ್ಲಿ ತಡೆದು ನಿಲ್ಲಿಸಿದವರೂ ನಾವೇ. ಆಗ ನಾವು ಧರ್ಮದ ಹೆಸರೆತ್ತಿದ್ದೆವು. ಆದರೆ ಮನಸ್ಸಿನಲ್ಲಿದ್ದದ್ದು ದೇವಭಯದ ಉಡುಪಲ್ಲ, ಜನಭಯದ ಉಡುಪು. ನಮ್ಮ ಅಜ್ಜಿ ಸೀರೆಯ ಸೆರಗನ್ನೇ ತಲೆಗೆಳೆದು, ಹೊರಗೆ ಹೋಗುವಾಗ ಮೇಲೊಂದು ಬಿಳಿ ಚಾದರ ಹೊದೆಯುತ್ತಿದ್ದರು. ತಾಯಿಯ ಕಾಲಕ್ಕೆ ಅದು ಕಪ್ಪು ಬುರ್ಖಾ ಆಯಿತು. ಈಗ ಕೊಲ್ಲಿಯಿಂದ ಬಂದವರ ಪೆಟ್ಟಿಗೆಯಲ್ಲಿ ಅಬಾಯಾ ಬರುತ್ತದೆ. ಮೂರು ತಲೆಮಾರು, ಮೂರು ಬಟ್ಟೆ. ಪ್ರತಿ ಸಲವೂ ಇದೇ ಸರಿಯಾದ ಉಡುಪು ಎಂದು ತೀರ್ಮಾನಿಸಿದವರಲ್ಲಿ ಅದನ್ನು ಉಡಬೇಕಾದವರು ಎಷ್ಟು ಜನರಿದ್ದರು?

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ಇರಾನಿನಲ್ಲಿ 1936ರಲ್ಲಿ ರೆಜಾ ಷಾ ತಲೆವಸ್ತ್ರವನ್ನು ನಿಷೇಧಿಸಿದಾಗ ಪೊಲೀಸರು ಬೀದಿಯಲ್ಲಿ ಅದನ್ನು ಕಿತ್ತರು. ಎಷ್ಟೋ ಹೆಂಗಸರು ಮನೆಯಿಂದ ಹೊರಬರುವುದನ್ನೇ ಬಿಟ್ಟರು. 1979ರ ಕ್ರಾಂತಿಯ ನಂತರ ಅದೇ ನೆಲದಲ್ಲಿ ಅದನ್ನು ಕಡ್ಡಾಯ ಮಾಡಲಾಯಿತು. ತಲೆವಸ್ತ್ರ ಸರಿಯಾಗಿಲ್ಲವೆಂದು ಬಂಧಿಸಲ್ಪಟ್ಟ 22 ವರ್ಷದ ಮಹ್ಸಾ ಅಮೀನಿ 2022ರ ಸೆಪ್ಟೆಂಬರ್ 16ರಂದು ತೆಹ್ರಾನಿನಲ್ಲಿ ಸತ್ತಳು. ನಮ್ಮ ಹುಡುಗಿ ಉಟ್ಟದ್ದಕ್ಕೆ ವರ್ಷ ಕಳೆದುಕೊಂಡ ವರ್ಷವೇ ಅದು. ಇತ್ತ ನಮ್ಮ ನೆರೆಯ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದರು. 1859ರಲ್ಲಿ ಅರಸರ ಘೋಷಣೆ ಹೊರಡುವವರೆಗೂ ಅವರ ಮೈ ಅವರದಾಗಿರಲಿಲ್ಲ. ಒಂದು ಕಡೆ ಮುಚ್ಚಬೇಡ, ಇನ್ನೊಂದು ಕಡೆ ಮುಚ್ಚು. ಆಜ್ಞೆ ತಿರುಗಾಮುರುಗಾ ಆಗುತ್ತದೆ, ಆಜ್ಞಾಪಿಸುವ ಕಣ್ಣು ಮಾತ್ರ ಅದೇ.

ಅದಕ್ಕೇ ಒಂದು ಬಟ್ಟೆ ಒಳ್ಳೆಯದೋ ಕೆಟ್ಟದ್ದೋ ಎಂದು ಬಟ್ಟೆಯನ್ನೇ ಹಿಡಿದು ತೀರ್ಮಾನಿಸಲಾಗದು ಎಂಬ ನಿಲುವಿಗೆ ನಾವು ಬಂದಿದ್ದೇವೆ. 1921ರಲ್ಲಿ ಮಧುರೆಯಲ್ಲಿ ಗಾಂಧೀಜಿ ಮೈಮೇಲಿನದನ್ನು ತೆಗೆದು ತುಂಡು ಪಂಚೆಗೆ ಬಂದರು. ಬಾಬಾಸಾಹೇಬ ಅಂಬೇಡ್ಕರರು ಕೋಟು ಟೈ ತೊಟ್ಟು ನಿಂತರು. ಹರಿದದ್ದನ್ನೇ ಉಡಬೇಕೆಂದು ಶತಮಾನಗಳಿಂದ ವಿಧಿಸಲ್ಪಟ್ಟ ಜನರ ಪಾಲಿಗೆ ಆ ಕೋಟೇ ಉತ್ತರವಾಗಿತ್ತು. ಒಬ್ಬರು ಬಿಚ್ಚಿದ್ದರಿಂದ ದೊಡ್ಡವರಾದರು, ಒಬ್ಬರು ತೊಟ್ಟಿದ್ದರಿಂದ. ಇಬ್ಬರಿಗೂ ಸಮಾನವಾದದ್ದು ಒಂದೇ: ತೀರ್ಮಾನ ಅವರದಾಗಿತ್ತು.

* * *

ಹಾಗಾದರೆ ನಿಯಮವೇ ಬೇಡವೇ? ಶಾಲೆಗೆ ಸಮವಸ್ತ್ರ ಬೇಡವೇ? ಖಂಡಿತ ಬೇಕು. ಬಡವರ ಮಕ್ಕಳಾಗಿ ಓದಿದ ನಮಗೆ ಅದರ ಬೆಲೆ ಗೊತ್ತು. ವರ್ಷಕ್ಕೆರಡು ಜೊತೆ ಖಾಕಿ ಚಡ್ಡಿ, ಬಿಳಿ ಅಂಗಿ ಇದ್ದದ್ದರಿಂದಲೇ ಸಾಹುಕಾರರ ಮಗನ ಪಕ್ಕ ನಾವು ಸಂಕೋಚವಿಲ್ಲದೆ ಕುಳಿತದ್ದು.

ಆದರೆ ಇಲ್ಲಿಯೂ ಪದಗಳನ್ನು ಒಮ್ಮೆ ನೋಡಬೇಕು. ‘ಯೂನಿಫಾರಂ’ ಎಂದರೆ ಏಕರೂಪ, ಒಂದೇ ಆಕಾರ. ಅದನ್ನು ಕನ್ನಡಕ್ಕೆ ತಂದವರು ‘ಏಕವಸ್ತ್ರ’ ಎನ್ನಲಿಲ್ಲ, ‘ಸಮವಸ್ತ್ರ’ ಎಂದರು. ಆ ಅನುವಾದಕ ಯಾರಾದರೂ ಆಗಿರಲಿ, ಅವರಿಗೆ ನಮ್ಮ ಸಲಾಂ. ಏಕ ಬೇರೆ, ಸಮ ಬೇರೆ. ಐದು ಬೆರಳು ಏಕವಲ್ಲ, ಕೈಗೆ ಮಾತ್ರ ಐದೂ ಸಮ.

ಸಮಾನತೆಯ ಬಹುದೊಡ್ಡ ನೋಟಗಳಲ್ಲಿ ಒಂದು ಹಜ್. ಅಲ್ಲಿ ಗಂಡಸರಿಗೆ ಹೊಲಿಗೆಯಿಲ್ಲದ ಎರಡು ಬಟ್ಟೆ. ಅರಸನಿಗೂ ಆಳಿಗೂ ಅದೇ. ಅದು ಏಕರೂಪ. ಆದರೆ ಹೆಂಗಸರಿಗೆ ಅಂಥ ಒಂದು ಗೊತ್ತಾದ ದಿರಿಸು ಇಲ್ಲ. ಇಂಡೋನೇಷ್ಯದವಳು ತನ್ನ ಬಿಳಿಯಲ್ಲಿ, ನೈಜೀರಿಯದವಳು ತನ್ನ ಬಣ್ಣದಲ್ಲಿ, ನಮ್ಮ ಕಡೆಯವಳು ತನ್ನ ಸಲ್ವಾರಿನಲ್ಲಿ ಅದೇ ಕಾಬಾದ ಸುತ್ತ ನಡೆಯುತ್ತಾರೆ. ಹೆಂಗಸರು ಬೇರೆಬೇರೆ ಉಟ್ಟರೆಂದು ಹಜ್ಜಿನ ಸಮಾನತೆ ಕೆಟ್ಟಿತೆಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ಕಣ್ಣೆದುರಿಗೇ ಇರುವ ಈ ಪಾಠವನ್ನು ಸರಕಾರಗಳೂ ಓದಲಿಲ್ಲ, ನಮ್ಮ ಮೊಹಲ್ಲಾಗಳೂ ಓದಲಿಲ್ಲ.

ನಿಯಮಗಳಲ್ಲಿ ಎರಡು ಬಗೆ. ಕೆಲಸದಿಂದ ಹುಟ್ಟುವ ನಿಯಮ ಒಂದು. ನೋಟದಿಂದ ಹುಟ್ಟುವ ನಿಯಮ ಇನ್ನೊಂದು. ಆಪರೇಷನ್ ಮಾಡುವ ವೈದ್ಯರು ಮುಖಗವಸು ಹಾಕಬೇಕು, ಬೈಕಿನವರು ಹೆಲ್ಮೆಟ್ ಹಾಕಬೇಕು, ವೆಲ್ಡಿಂಗ್ ಮಾಡುವವರು ಕಣ್ಣಿಗೆ ಕಪ್ಪು ಗಾಜು ಹಾಕಬೇಕು. ಏಕೆ ಎಂದು ಕೇಳಿದರೆ ಕೆಲಸವೇ ಉತ್ತರ ಹೇಳುತ್ತದೆ. ಆದರೆ ತಲೆಯ ಮೇಲಿನ ಬಟ್ಟೆಯಿಂದ ಗಣಿತದ ಯಾವ ಲೆಕ್ಕ ತಪ್ಪುತ್ತದೆ? ಅದನ್ನು ತೆಗೆದರೆ ಯಾವ ನಮಾಜಿಯ ಈಮಾನು ಕರಗುತ್ತದೆ? ಎರಡೂ ಪ್ರಶ್ನೆಗೆ ‘ನಮಗೆ ಹಿಡಿಸುವುದಿಲ್ಲ’ ಎಂಬುದಕ್ಕಿಂತ ಬೇರೆ ಉತ್ತರ ಸಿಗದಿದ್ದರೆ, ಆ ನಿಯಮ ಹುಟ್ಟಿದ್ದು ಕೆಲಸದಿಂದಲ್ಲ, ಕಣ್ಣಿನಿಂದ ಎಂದು ತಿಳಿಯಬೇಕು. ಕಣ್ಣಿನ ಕಾಯಿಲೆಗೆ ಮದ್ದನ್ನು ಕಣ್ಣಿಗೇ ಹಾಕಬೇಕಲ್ಲದೆ ಎದುರಿನವರ ಮೈಗಲ್ಲ.

ನೋಡುವವರು ಕೊಟ್ಟ ಹೆಸರು ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಕುಮಟೆಯೇ ಸಾಕ್ಷಿ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಬಂಡಿಗಳಲ್ಲಿ ಘಟ್ಟವಿಳಿದ ಹತ್ತಿ ಕುಮಟೆಯ ಬಂದರಿನಿಂದ ಹಡಗೇರಿತು. ಕೊಂಡವರು ಅದಕ್ಕೆ ‘ಕುಮಟಾ ಹತ್ತಿ’ ಎಂದು ಹೆಸರಿಟ್ಟರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಬೆವರು ಬಯಲುಸೀಮೆಯ ರೈತರದು. ಹೆಸರು ಮಾತ್ರ ಕೊಂಡವರ ಕಣ್ಣಿಗೆ ಬಿದ್ದ ಬಂದರಿನದು. ಕೃಷಿ ಪುಸ್ತಕಗಳಲ್ಲಿ ಆ ತಳಿಗೆ ಇಂದಿಗೂ ಅದೇ ಹೆಸರು.

ನೋಟ ಯಾವಾಗಲೂ ಹೀಗೆಯೇ ಇರಬೇಕೆಂದೇನೂ ಇಲ್ಲ. ಸುಮಾರು 680 ವರ್ಷಗಳ ಹಿಂದೆ, 1340ರ ದಶಕದಲ್ಲಿ, ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅವನೂ ಮೊದಲು ನೋಡಿದ್ದು ಬಟ್ಟೆಯನ್ನೇ. ಇಲ್ಲಿಯ ಮುಸ್ಲಿಂ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ. ಹೊಲಿಗೆಯಿಲ್ಲದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದುದನ್ನು ತಲೆಗೂ ಎದೆಗೂ ಹೊದೆಯುತ್ತಾರೆ, ಮೂಗಿಗೆ ಚಿನ್ನದ ಉಂಗುರ ಹಾಕುತ್ತಾರೆ ಎಂದು ಬರೆದ. ಅರಬ್ ಲೋಕದಿಂದ ಬಂದ ಆ ಕಾಜಿಗೆ ಅದು ಹೊಸ ನೋಟ. ಸೀರೆಯೋ ತಲೆವಸ್ತ್ರವೋ ಎಂದು ಇಂದು ನಾವು ಎರಡು ಮಾಡಿ ಜಗಳಾಡುವುದು ಅಂದು ಒಂದೇ ಬಟ್ಟೆಯಾಗಿತ್ತು. ಅವನು ಅದನ್ನು ತಿದ್ದಲು ಹೋಗಲಿಲ್ಲ, ಅದರಲ್ಲಿಯೇ ಸಿಕ್ಕಿಹಾಕಿಕೊಳ್ಳಲೂ ಇಲ್ಲ. ಮುಂದಿನ ಮಾತಿಗೆ ಹೋದ. ಈ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿದೆ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು ಇವೆ ಎಂದು ಲೆಕ್ಕ ಕೊಟ್ಟ.

ಬಟ್ಟೆಯನ್ನು ನೋಡಿದ ಕಣ್ಣು ಅಲ್ಲಿಗೇ ನಿಲ್ಲದೆ ಶಾಲೆಗಳನ್ನು ಎಣಿಸಿತು. ನಮ್ಮ ಕಾಲದ ಕಣ್ಣು ಶಾಲೆಯ ಬಾಗಿಲಲ್ಲಿ ನಿಂತು ಬಟ್ಟೆಗಳನ್ನು ಎಣಿಸುತ್ತಿದೆ.

* * *

ಮದುವೆ ಚೆನ್ನಾಗಿ ಆಯಿತು. ಅಟೈರಿನ ಸಾಲನ್ನು ಪಾಲಿಸಿ ಕೋಟು ಹಾಕಿದವರು ಸೆಕೆಗೆ ಒಂದೊಂದಾಗಿ ಬಿಚ್ಚಿ ಕುರ್ಚಿಯ ಬೆನ್ನಿಗೆ ತೂಗುಹಾಕಿದರು. ನಮ್ಮ ಷೇರ್ವಾನಿಯ ಗುಂಡಿಗಳೂ ಹೊತ್ತೇರುವಷ್ಟರಲ್ಲಿ ಸಡಿಲಾದವು. ಕುಮಟೆಯಿಂದ ರೈಲಿನಲ್ಲಿ ಬಂದ ಮಾಸ್ತರು ಇಸ್ತ್ರಿ ಮಾಡಿದ ಪಂಚೆ, ಜುಬ್ಬ, ಹೆಗಲ ಮೇಲೊಂದು ಶಲ್ಯದಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಹುಡುಗನ ತಂದೆ ಬಂದು ಕಾಲು ಮುಟ್ಟಲು ಬಗ್ಗಿದಾಗ ತಡೆದು ಅಪ್ಪಿಕೊಂಡರು.

ಊಟಕ್ಕೆ ಏಳುವ ಮೊದಲು ನಮ್ಮ ತಂಗಿಯ ಮಗಳು ಅಲ್ಲಿಗೆ ಬಂದಳು. ತಲೆಯ ಮೇಲೆ ಅವಳ ಬಟ್ಟೆ ಇತ್ತು. ಅವಳ ಹಿಂದೆ ಅವಳ ಅಕ್ಕ. ಅವಳ ತಲೆಯ ಮೇಲೆ ಇರಲಿಲ್ಲ. ಈ ಸಲ ಬಾಗಿಲಲ್ಲಿ ನಾವು ಯಾರನ್ನೂ ತಡೆದಿರಲಿಲ್ಲ. ಇಬ್ಬರನ್ನೂ ಮಾಸ್ತರಿಗೆ ಪರಿಚಯಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು ಕಿರಿಯಳನ್ನು ಕೇಳಿದ ಮೊದಲ ಮಾತು:

“ಎಂತ ಓದ್ತಾ ಇದ್ದೆ ತಂಗಿ?”

“ಬಿ.ಕಾಂ. ಸರ್. ಒಂದು ವರ್ಷ ಹಿಂದೆ ಬಿದ್ದೆ.”

“ವರ್ಷ ಹೋದ್ರೆ ಹೋಗ್ಲಿ, ಓದು ಹೋಗ್ಬಾರ್ದು” ಎಂದು ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಯಾರದೋ ಕೋಟನ್ನು ಎತ್ತಿ ಬದಿಗಿಟ್ಟು, ಅವಳಿಗೆ ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟರು.